ಆರು ಗಂಟೆಯೊಳಗೆ ಒಂದು ಪ್ರಶ್ನೆ

ಜನವರಿ ತಿಂಗಳ ಮೂರನೆಯ ಶನಿವಾರ. ಬೆಳಗ್ಗೆ ಆರೂವರೆ. ಸ್ಥಳ: ಕೊಳ್ಳೇಗಾಲ, ನಮ್ಮ ಮನೆಯ ನಡುಮನೆ. ಹಾಜರಿದ್ದವರು ನಾನು, ನನ್ನ ಹೆಂಡತಿ, ಮೊಮ್ಮಗಳು. ಗೈರುಹಾಜರಾಗಿದ್ದದ್ದು ಮೊಮ್ಮಗಳ ಪ್ರಬಂಧದ ವಿಷಯ.

ಹೀಗೆ ಶುರು ಮಾಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಸರ್ಕಾರಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು ನಾನು. ಪಾಳಿಗೆ ಕೂತ ತಕ್ಷಣ ತಾರೀಖು, ವೇಳೆ, ಯಾರು ಬಂದಿದ್ದಾರೆ ಎಂದು ಬರೆಯಬೇಕು, ಮಿಕ್ಕದ್ದೆಲ್ಲ ಆಮೇಲೆ. ಬಸ್ಸು ತಡವಾಗಿ ಬಂದರೆ ಯಾಕೆ ತಡವಾಯಿತು ಎಂದು ಪಕ್ಕದಲ್ಲಿ ಬರೆಯಬೇಕು. ಸುಮ್ಮನೆ ತಡವಾಯಿತು ಎಂಬ ಮಾತು ನಮ್ಮಲ್ಲಿ ನಡೆಯುತ್ತಿರಲಿಲ್ಲ. ಈಗಲೂ ನಮ್ಮ ಮನೆಯಲ್ಲಿ ಕಾಫಿಗೆ, ಸ್ನಾನಕ್ಕೆ, ಊಟಕ್ಕೆ ವೇಳೆ ಗೊತ್ತಾಗಿದೆ. ಮೊಮ್ಮಗಳು ಹನೂರಿನಿಂದ ಇಲ್ಲಿಗೆ ಕಾಲೇಜು ಓದಲು ಬಂದ ಮೇಲೆ ಅವಳೂ ಅದಕ್ಕೆ ಹೊಂದಿಕೊಂಡಿದ್ದಳು.

ಆ ವಾರ ಮಾತ್ರ ಅವಳ ವೇಳೆ ಪೂರ್ತಿ ಕೆಟ್ಟಿತ್ತು. ಜಡೆಯ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು, ಬಿಳಿ ಹಾಳೆಯನ್ನು ಮುಂದಿಟ್ಟುಕೊಂಡು ಕೂತಿರುತ್ತಿದ್ದಳು. ಕಾರಣ ಇಷ್ಟು. ಅವಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಬೆಂಗಳೂರಿನ ಒಂದು ವಿಜ್ಞಾನ ಸಂಸ್ಥೆ ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ಕರೆಸಿ ತನ್ನ ಪ್ರಯೋಗಾಲಯದಲ್ಲಿ ಕೆಲಸ ಕಲಿಸುತ್ತದೆ. ಒಂದು ಕಾಲೇಜಿನಿಂದ ಒಬ್ಬರ ಹೆಸರು ಮಾತ್ರ ಕಳಿಸಬಹುದು. ಆ ಒಬ್ಬರು ಭೌತಶಾಸ್ತ್ರದಲ್ಲಿ ತಮ್ಮದೇ ಒಂದು ವಿಷಯ ಹಿಡಿದು ಸಂಶೋಧನಾ ಪ್ರಬಂಧ ಬರೆಯಬೇಕು. ಹೆಸರು, ವಿಷಯ ಈ ಶನಿವಾರವೇ ಹೋಗಬೇಕು, ಪ್ರಬಂಧ ಆಮೇಲೆ. ಅವಳ ಭೌತಶಾಸ್ತ್ರದ ಮೇಷ್ಟ್ರು ಇವಳ ಹೆಸರನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆದರೆ ಇವಳು ಒಯ್ದ ಎರಡು ವಿಷಯಗಳನ್ನೂ ವಾಪಸು ಕಳಿಸಿದ್ದರು.

ಮೊದಲನೆಯದು ಕಪ್ಪುಕುಳಿ. "ಕಪ್ಪುಕುಳಿ ನಿಮ್ಮ ಮನೆ ಹಿತ್ತಲಲ್ಲಿ ಇದೆಯೇನಮ್ಮ, ಹೋಗಿ ಅಳೆದ್ಕೊಂಡು ಬರೋಕೆ?" ಎಂದು ಕೇಳಿದರಂತೆ. ಎರಡನೆಯದು ಸೋಲಾರ್ ಪ್ಯಾನೆಲ್. ಅದಕ್ಕೆ, "ಇದರ ಉತ್ತರ ನಿನಗೂ ಗೊತ್ತು, ನನಗೂ ಗೊತ್ತು. ಮತ್ತೆ ಪ್ರಶ್ನೆ ಎಲ್ಲಿದೆ?" ಎಂದರಂತೆ. ಕೊನೆಗೆ ಅವರು ಹಾಕಿದ ಷರತ್ತು ಹೀಗಿತ್ತು: ಅವಳೇ ಕೈಯಾರೆ ಅಳೆಯುವಂಥದ್ದಾಗಿರಬೇಕು, ಉತ್ತರ ಅವಳಿಗೆ ಮೊದಲೇ ಗೊತ್ತಿರಬಾರದು, ಶನಿವಾರ ಸಂಜೆ ಆರರೊಳಗೆ ಯಳಂದೂರಿನ ಅವರ ಮನೆಗೆ ಬಂದು ಹೇಳಬೇಕು. ಫೋನಿನಲ್ಲಿ ಹೇಳುವ ಹಾಗಿಲ್ಲ. ಫೋನಿನಲ್ಲಾದರೆ ಎಲ್ಲರೂ ಅಲ್ಲಿಯೇ ಏನನ್ನೋ ನೋಡಿಕೊಂಡು ಓದುತ್ತಾರಂತೆ. ಆರು ದಾಟಿದರೆ ತರಗತಿಯ ಇನ್ನೊಬ್ಬ ಹುಡುಗನ ಹೆಸರು ಹೋಗುತ್ತದೆ. ಅವನ ಪ್ರಬಂಧ ಆಗಲೇ ಸಿದ್ಧವಾಗಿತ್ತು.

"ಕೂಸು ಸರ್ಯಾಗಿ ಉಂಡಿಲ್ಲ ಕಣ್ರಿ," ಎಂದಳು ನನ್ನ ಹೆಂಡತಿ ಕಾಫಿ ಲೋಟ ಇಡುತ್ತಾ. "ಅದೇನೋ ಒಂದ್ ವಿಸ್ಯ ನೀವಾದ್ರೂ ಏಳ್ಬುಡ್ರಿ. ಅಷ್ಟ್ ವರ್ಸ ಬಸ್ ಓಡುಸ್ದವ್ರು."

"ನಾನು ಓಡಿಸಲಿಲ್ಲ ಕಣೆ. ಓಡಿಸೋರನ್ನ ಹೊರಡಿಸ್ತಿದ್ದೆ."

"ಅಂಗಾರೆ ಇವ್ಳ್ನೂ ಒರಡ್ಸಿ."

ನನ್ನ ತಲೆಯಲ್ಲಿ ಒಂದು ವಿಷಯ ರಾತ್ರಿಯೇ ಸಿದ್ಧವಾಗಿತ್ತು. ಮಹದೇಶ್ವರ ಬೆಟ್ಟದಿಂದ ಇಳಿದು ಬರುವ ಬಸ್ಸುಗಳ ಚಕ್ರದೊಳಗಿನ ಬ್ರೇಕ್ ಡ್ರಮ್ ಹನೂರು ಮುಟ್ಟುವ ಹೊತ್ತಿಗೆ ಬೆಂದುಹೋಗಿರುತ್ತದೆ. ಚಾಲಕರು ಚಕ್ರದ ಮೇಲೆ ನೀರು ಎರಚುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಷ್ಟೆತ್ತರದಿಂದ ಇಳಿದ ಬಸ್ಸು ಎಷ್ಟು ಬಿಸಿಯಾಗುತ್ತದೆ ಎಂದು ಅಳೆದರೆ ಅದಕ್ಕಿಂತ ಘನವಾದ ಭೌತಶಾಸ್ತ್ರ ಬೇಕೆ? ಸೋಲಾರ್ ವಿಷಯಕ್ಕೆಂದು ಕಾಲೇಜಿನಿಂದ ತಂದ ಡಿಜಿಟಲ್ ಥರ್ಮಾಮೀಟರ್ ಅವಳ ಬ್ಯಾಗಿನಲ್ಲೇ ಇತ್ತು. ಉದ್ದನೆಯ ಉಕ್ಕಿನ ಕಡ್ಡಿ, ಮೇಲ್ತುದಿಯಲ್ಲಿ ಅಂಕಿ ತೋರಿಸುವ ಪುಟ್ಟ ಕಿಟಕಿ. ಹನೂರಿಗೆ ಹೋಗುವುದು, ಅಳೆಯುವುದು, ಮಗಳ ಮನೆಯಲ್ಲಿ ಉಣ್ಣುವುದು, ಕೊಳ್ಳೇಗಾಲಕ್ಕೆ ಬಂದು ಬಸ್ಸು ಬದಲಿಸಿ ಯಳಂದೂರು ಸೇರುವುದು. ಮೊಮ್ಮಗಳ ಮುಂದೆ ಯೋಜನೆ ಹೇಳಿದೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡಳು.

ಬಸ್ಸಿನಲ್ಲಿ ಅವಳಿಗೆ ಹೆಂಗಸರ ಸೊನ್ನೆ ಟಿಕೆಟ್, ನನಗೆ ಹಿರಿಯ ನಾಗರಿಕರ ಟಿಕೆಟ್. ದಾರಿಯುದ್ದಕ್ಕೂ ಅವಳು ಮೊಬೈಲಿನಲ್ಲಿ ಏನನ್ನೋ ಹುಡುಕುವುದು, ಮುಖ ಸಣ್ಣದು ಮಾಡಿಕೊಂಡು ಆರಿಸುವುದು, ಮತ್ತೆ ತೆಗೆಯುವುದು. ಕಾಮಗೆರೆ ದಾಟಿದ ಮೇಲೆ ನಾನೇ ಮೊಬೈಲು ಇಸಿದುಕೊಂಡು ನನ್ನ ಜೇಬಿಗೆ ಹಾಕಿದೆ.

ಹನೂರು ನಿಲ್ದಾಣದಲ್ಲಿ ಬೆಟ್ಟದ ಬಸ್ಸು ಬಂದು ನಿಂತಾಗ ಚಕ್ರದ ಹತ್ತಿರ ಸುಟ್ಟ ವಾಸನೆ ಬರುತ್ತಿತ್ತು. ನನಗೆ ಉತ್ಸಾಹ ಬಂತು. ಮೊಮ್ಮಗಳ ಕೈಯಿಂದ ಥರ್ಮಾಮೀಟರ್ ತೆಗೆದುಕೊಂಡು ಹಿಂದಿನ ಚಕ್ರದ ಪಕ್ಕ ಕೂತೆ. ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಯಜಮಾನ್ರೇ, ಅದೇನು ನಮ್ ಗಾಡಿಗೆ ಜ್ವರ ನೋಡ್ತಿದ್ದೀರಾ? ಮಾತ್ರೆ ಗೀತ್ರೆ ತಂದಿದ್ದೀರಾ?"

ಇಳಿಯುತ್ತಿದ್ದವರೆಲ್ಲ ನಕ್ಕರು. ಅಷ್ಟರಲ್ಲಿ ನಿಲ್ದಾಣದ ಕಂಟ್ರೋಲರ್ ಓಡಿಬಂದ. ನನಗಿಂತ ಎಷ್ಟೋ ಚಿಕ್ಕವನು, ನನ್ನನ್ನು ಗುರುತು ಹಿಡಿದ. ಕೈ ಮುಗಿದ. "ಸಾ, ನೀವು ಇರೀಕ್ರು. ನಿಮ್ಗೆ ಗೊತ್ತಿಲ್ದೆ ಇರದಾ? ಪರ್ಮಿಷನ್ ಇಲ್ದೆ ಯಾರ್ನೂ ಗಾಡಿ ಕೆಳಕ್ಕೆ ಬಗ್ಗಕ್ಕೆ ಬುಡಂಗಿಲ್ಲ. ನಾಳೆ ನಂಗೆ ಮೆಮೊ ಬತ್ತದೆ."

ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ, ಇಷ್ಟು ಮರ್ಯಾದೆಯಾಗಿ ಹೇಳುತ್ತಿದ್ದೆನೋ ಇಲ್ಲವೋ. ಎದ್ದು ಮಂಡಿಯ ಧೂಳು ಒದರಿಕೊಂಡೆ. ಬಸ್ಸು ಹೊರಟುಹೋಯಿತು.

"ತಾತ, ಈ ಕಡ್ಡಿ ನೀರಿಗೆ, ಮೆತ್ತಗಿರೋದಕ್ಕೆ ಚುಚ್ಚೋದು," ಎಂದಳು ಮೊಮ್ಮಗಳು. "ಡ್ರಮ್‌ಗೆ ಚುಚ್ಚೋಕಾಗಲ್ಲ."

"ಮೊದಲೇ ಹೇಳೋದಲ್ವಾ?"

"ನೀನು ಕೇಳ್ಲಿಲ್ಲ." ಕಡ್ಡಿಯನ್ನು ಬ್ಯಾಗಿಗೆ ಹಾಕುತ್ತಾ ಇನ್ನೊಂದು ಮಾತು ಸೇರಿಸಿದಳು: "ಅದು ನಿನ್ ಪ್ರಶ್ನೆ ತಾತ. ನಂದಲ್ಲ. ಸಾರ್ ಎರಡೇ ಮಾತು ಕೇಳಿದ್ರೆ ನಾನು ಸಿಕ್ಕಿಹಾಕ್ಕೊಳ್ತೀನಿ."

ಹತ್ತೂವರೆ ದಾಟಿತ್ತು. ಅರ್ಧ ದಿನ ಹೋಗುತ್ತಾ ಬಂತು, ಕೈಯಲ್ಲಿ ಏನೂ ಇಲ್ಲ. ನನ್ನ ಎದೆಯಲ್ಲಿ ಹಳೆಯ ತಳಮಳ ಎದ್ದಿತು. ನಿಲ್ದಾಣದ ತುಂಬ ಜನ ನಿಂತಿದ್ದು, ಬರಬೇಕಾದ ಬಸ್ಸು ಎಲ್ಲಿದೆ ಎಂದು ತಿಳಿಯದೆ, ಪ್ರತಿಯೊಬ್ಬರೂ ಬಂದು ನನ್ನ ಕಿಟಕಿಯನ್ನೇ ಬಡಿಯುವಾಗ ಆಗುತ್ತಿದ್ದಂಥದ್ದು. ಆಗ ಕೊಡಲು ಒಂದು ಸಿದ್ಧ ಉತ್ತರವಾದರೂ ಇರುತ್ತಿತ್ತು: ಬರ್ತದೆ, ಕೂತ್ಕೊಳ್ಳಿ. ಈ ಹುಡುಗಿಗೆ ಅದನ್ನೂ ಹೇಳುವಂತಿರಲಿಲ್ಲ.

ಮಗಳ ಮನೆಗೆ ನಡೆದೆವು. ಮಗಳು ಅಂಗನವಾಡಿಗೆ ಹೋಗಿದ್ದಳು. ಮನೆಯಲ್ಲಿದ್ದವರು ಅಳಿಯ, ಅವನ ತಾಯಿ. ಆಕೆ ನನಗೆ ಬೀಗಿತಿ, ಮೊಮ್ಮಗಳಿಗೆ ಅಜ್ಜಿ. ನಮ್ಮಿಬ್ಬರ ನಡುವೆ ಮದುವೆ ದಿನದಿಂದ ಶುರುವಾದ ಹಾಸ್ಯ ಇನ್ನೂ ನಿಂತಿಲ್ಲ.

"ಬನ್ನಿ ಬೀಗ್ರೇ. ಬಸ್ಸು ಟೇಮಿಗೆ ಬಂತಾ, ನೀವೇ ಇಂದ್ಗಡೆಯಿಂದ ತಳ್ಕಂಡ್ ಬಂದ್ರಾ?" ಎಂದವರು ಮೊಮ್ಮಗಳ ಗಲ್ಲ ಹಿಡಿದರು. "ಯಾಕವ್ವಾ ಮಕ ಇಂಗಾಗದೆ? ಈ ತಾತನ್ ಮನೇಲಿ ಗಡಿಯಾರ ನೋಡ್ಕಂಡು ಇಟ್ಟಿಕ್ತಾರಾ?"

ಇಟ್ಟು ಎಂದರೆ ಹಿಟ್ಟು. ನಮ್ಮ ಕಡೆ ರಾಗಿ ಮುದ್ದೆಯನ್ನು ಹೀಗೇ ಕರೆಯುವುದು.

ಅಳಿಯ ಅವಸರದಲ್ಲಿದ್ದ. ಅವರೆಕಾಯಿ ಮೂಟೆಗಳು ಗೂಡ್ಸ್ ಆಟೋದಲ್ಲಿ ತುಂಬಿ ನಿಂತಿದ್ದವು. ಉಂಡು ಮಾರುಕಟ್ಟೆಗೆ ಹೊರಡಬೇಕು. ಬೀಗಿತಿ ಒಲೆಯ ಮೇಲಿನಿಂದ ಪಾತ್ರೆ ಇಳಿಸಿ, ಎರಡು ಪಾದಗಳಲ್ಲಿ ಒತ್ತಿ ಹಿಡಿದು, ಕೋಲಿನಿಂದ ತಿರುವಿ, ಮಣೆಯ ಮೇಲೆ ಸುರಿದು ಕಟ್ಟಿದರು. ಆ ಕೈಯ ಕೆಲಸ ನೋಡಲು ಚೆಂದ. ಬಟ್ಟಲಿನ ನೀರಿಗೆ ಅಂಗೈ ಅದ್ದುವುದು, ಉರುಳಿಸುವುದು, ಮತ್ತೆ ಅದ್ದುವುದು, ಸವರುವುದು. ಕೊನೆಗೆ ಬಿರುಕಿಲ್ಲದ, ಮಿರಮಿರನೆ ಹೊಳೆಯುವ ಉಂಡೆ ತಟ್ಟೆಗೆ ಬೀಳುತ್ತದೆ. ಮೇಲೆ ಅವರೆಕಾಳಿನ ಸಾರು.

ಅಳಿಯ ದೊಡ್ಡ ತುತ್ತು ಮುರಿದು, ಸಾರಿಗೆ ಅದ್ದಿ ನುಂಗಿದ. ನುಂಗಿದವನು ಕೂತಲ್ಲೇ ಸೆಟೆದುಕೊಂಡ. ಕಣ್ಣಲ್ಲಿ ನೀರು.

"ಅಯ್ಯಪ್ಪಾ! ಮ್ಯಾಲೆ ಮುಟ್ಟುದ್ರೆ ತಣ್ಣಗದೆ. ಒಳ್ಗೆ ಕೆಂಡ ಮಡ್ಗವ್ಳೆ ನಮ್ಮವ್ವ."

"ನುಂಗದ್ಕೆ ಮುಂಚೆ ಒಸಿ ಮುರ್ದು ಆರುಸ್ಬೇಕು ಕಣ್ಲಾ. ಎರಡ್ ಮಕ್ಳಾದ್ರೂ ಉಣ್ಣದ್ ಕಲ್ತಿಲ್ಲ," ಎಂದರು ಬೀಗಿತಿ, ನೀರಿನ ಚೊಂಬು ಮುಂದಕ್ಕೆ ತಳ್ಳುತ್ತಾ.

ನಾನು ನಕ್ಕೆ. ಮೊಮ್ಮಗಳು ನಗಲಿಲ್ಲ. ಅವಳ ಕೈ ತನ್ನ ತಟ್ಟೆಯ ಮೇಲೆ ಹಾಗೆಯೇ ನಿಂತಿತ್ತು.

"ಅಪ್ಪಾ, ಮೇಲೆ ನಿಜ್ವಾಗ್ಲೂ ತಣ್ಣಗಿತ್ತಾ?"

"ತಣ್ಣಗಿತ್ತು ಕಣವ್ವಾ. ಬೆರ್ಳು ಇಟ್ರೆ ಗೊತ್ತಾಯ್ತದಲ್ಲ." ಅವನು ಗಂಟಲು ನೀವಿಕೊಳ್ಳುತ್ತಾ ಅರ್ಧ ಊಟಕ್ಕೆ ಎದ್ದು ಆಟೋ ಹತ್ತಿದ.

ಅವಳು ಅಜ್ಜಿಯ ಹತ್ತಿರ ಹೋಗಿ ಇನ್ನೊಂದು ಹಿಟ್ಟು ಕಟ್ಟಿಕೊಡು ಎಂದಳು. ಉಣ್ಣುವುದಕ್ಕಲ್ಲ, ಅಳೆಯುವುದಕ್ಕೆ ಎಂದಳು. ಬೀಗಿತಿ ನನ್ನ ಮುಖ ನೋಡಿದರು.

"ಉಣ್ಣದ್ಕಲ್ದೆ ಇಟ್ಟೇನು ಆಟದ್ ಚೆಂಡಾ? ಬೀಗ್ರೇ, ಕಾಲೇಜಲ್ಲಿ ಇದ್ನೇ ಕಲ್ಸದಾ?"

ನಿಜ ಹೇಳಬೇಕೆಂದರೆ ನನಗೂ ಅದು ಸರಿ ಕಾಣಲಿಲ್ಲ. ಬೆಂಗಳೂರಿನ ದೊಡ್ಡ ಸಂಸ್ಥೆಗೆ ಹೋಗುವ ಹಾಳೆಯ ಮೇಲೆ ಮುದ್ದೆ ಎಂಬ ಮಾತೇ? ಅವಳನ್ನು ಪಕ್ಕಕ್ಕೆ ಕರೆದು, "ನಗ್ತಾರೆ ಕಣಮ್ಮ," ಎಂದೆ.

"ಗೊತ್ತು. ನಂಗೂ ಅದೇ ಭಯ," ಎಂದಳು. ಆದರೂ ಬ್ಯಾಗಿನಿಂದ ಕಡ್ಡಿ ತೆಗೆದು ಒರೆಸಿದಳು. ಆ ವಾರದಲ್ಲಿ ಅವಳು ಜಡೆ ಕಚ್ಚದೆ ಮಾಡಿದ ಮೊದಲ ಕೆಲಸ ಅದು.

ಬೀಗಿತಿ ಗೊಣಗುತ್ತಲೇ ಕಟ್ಟಿಕೊಟ್ಟರು. ಮೊಮ್ಮಗಳು ಕಡ್ಡಿಯನ್ನು ಉಂಡೆಯ ನಡುವಿನ ತನಕ ಇಳಿಸಿದಳು. ಅಂಕಿ ಎಂಬತ್ತರ ಮೇಲೆ ಹೋಗಿ ನಿಂತಿತು. ನನ್ನ ಕೈಗಡಿಯಾರ ನೋಡಿ ನಾನು ಹೇಳುವುದು, ಅವಳು ಓದುವುದು, ನಾನು ಬರೆಯುವುದು ಎಂದು ಕೆಲಸ ಹಂಚಿಕೊಂಡೆವು. ಬಿಸಿ ವಸ್ತು ಮೊದಮೊದಲು ಬೇಗ ತಣಿಯುತ್ತದೆ, ಆಮೇಲೆ ನಿಧಾನವಾಗುತ್ತದೆ, ಪುಸ್ತಕದಲ್ಲಿ ಹಾಗಿದೆ ಎಂದು ಅವಳು ವಿವರಿಸಿದಳು. ಆದರೆ ನಮ್ಮ ಅಂಕಿ ಇಳಿಯಲೇ ಇಲ್ಲ. ಎರಡನೆಯ ಸಲ ಓದಿದಾಗಲೂ ಅಷ್ಟೇ, ಮೂರನೆಯ ಸಲವೂ ಅಷ್ಟೇ. ನಾಲ್ಕನೆಯ ಸಲ ಕೂದಲೆಳೆಯಷ್ಟು ಕಡಿಮೆ.

"ಇದು ಕೆಟ್ಟಿರಬೇಕು," ಎಂದೆ. ಡ್ರಮ್ಮಿನ ಹತ್ತಿರ ನಾನೇ ಎಲ್ಲಿಯಾದರೂ ತಾಕಿಸಿ ಕೆಡಿಸಿದೆನೇನೋ ಎಂದು ಬೆವರಿದೆ. ಕಾಲೇಜಿನ ಸಾಮಾನು. ಅವಳೂ ಬೆವರುತ್ತಿದ್ದಳು. ತಾಯಿಗೆ ಫೋನ್ ಮಾಡಿ ಬರುತ್ತೇನೆ, ಅಷ್ಟು ಹೊತ್ತು ನೀನೇ ನೋಡಿಕೋ ಎಂದು ಮೊಬೈಲು ಇಸಿದುಕೊಂಡು ಜಗಲಿಗೆ ಹೋದಳು.

ನಾನು ತಟ್ಟೆಯ ಮುಂದೆ ಕೂತೆ. ಸ್ವಲ್ಪ ಹೊತ್ತಿನಲ್ಲಿ ಅಂಕಿ ಇದ್ದಕ್ಕಿದ್ದಂತೆ ಎಂಟು ಹತ್ತು ಡಿಗ್ರಿ ಕೆಳಗೆ ಬಂತು. ಆಮೇಲೆ ಬಿಡದೆ ಇಳಿಯತೊಡಗಿತು. ಸದ್ಯ, ಯಂತ್ರ ಸರಿಯಿದೆ, ಹಿಟ್ಟೂ ಪುಸ್ತಕದ ಮಾತು ಕೇಳುತ್ತಿದೆ ಎಂದುಕೊಂಡೆ. ವೇಳೆ, ಅಂಕಿ, ಸಾಲಾಗಿ ಬರೆದೆ. ಅವಳು ವಾಪಸು ಬಂದಾಗ ಹಾಳೆಯನ್ನು ಹೆಮ್ಮೆಯಿಂದ ಕೊಟ್ಟೆ. ಉಳಿದ ಸಾರು ಉಂಡು, ಬೀಗಿತಿಗೆ ಹೇಳಿ, ಅಳೆದ ಹಿಟ್ಟನ್ನು ಅವರ ಎಮ್ಮೆಗೆ ಬಿಟ್ಟು ಹೊರಟೆವು.

ಮಧ್ಯಾಹ್ನದ ಬಸ್ಸು ತಡವಾಯಿತು. ಬಂದಾಗ ಬೆಟ್ಟದ ಜನದಿಂದ ತುಂಬಿಹೋಗಿತ್ತು. ನಿಂತುಕೊಂಡೇ ಹೋದೆವು. ಕಾಮಗೆರೆಯಲ್ಲಿ ಒಂದು ಸೀಟು ಸಿಕ್ಕಿತು, ಅವಳನ್ನು ಕೂರಿಸಿದೆ. ಅವಳು ನೋಟ್‌ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಅಂಕಿಗಳಿಗೆ ಚುಕ್ಕಿ ಹಾಕಿ ಗೆರೆ ಎಳೆಯಲು ನೋಡಿದಳು. ಬಸ್ಸಿನ ಕುಲುಕಾಟಕ್ಕೆ ಗೆರೆ ಎತ್ತಲೋ ಹೋಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಪೆನ್ನು ನಿಂತಿತು. ಜಡೆ ಮತ್ತೆ ಬಾಯಿಗೆ ಹೋಯಿತು.

"ತಾತ, ಈ ಎರಡು ಅಂಕಿ ನಡುವೆ ಏನಾಯ್ತು?"

"ಏನೂ ಆಗಲಿಲ್ಲ. ತಣ್ಣಗಾಯ್ತು."

"ಅಷ್ಟೊತ್ತು ಅಲ್ಲಾಡ್ದೆ ಇದ್ದದ್ದು ಒಂದೇ ಸಲಕ್ಕೆ ಹೆಂಗೆ ಬೀಳತ್ತೆ? ಯಾರಾದ್ರೂ ಮುಟ್ಟಿದ್ರಾ?"

"ಯಾರು ಮುಟ್ತಾರೆ? ನಾನು ಕಾವಲು ಕೂತಿರಲಿಲ್ವಾ? ನಿಮ್ಮಜ್ಜಿ ಆ ಕಡೆಯಿಂದ ಹೋಗ್ತಾ ಒಂದ್ಸಲ ಒದ್ದೆ ಕೈಲಿ ಸವರಿದ್ರು. ಕಡ್ಡಿ ಹತ್ತಿರ ಬಿರುಕು ಬಿಟ್ಟಿತ್ತು ನೋಡು, ಅದಕ್ಕೆ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ತಾತಾ!"

ಬಸ್ಸು ಐದು ನಿಮಿಷ ತಡವಾದರೆ ಕಾರಣ ಬರೆಸುತ್ತಿದ್ದ ನಾನು ಇದನ್ನು ಯಾಕೆ ಬರೆಯಲಿಲ್ಲ? ಕಣ್ಣೆದುರೇ ನಡೆದಿತ್ತು. ಆದರೆ ಅದು ಒಂದು ಘಟನೆ ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ಬಿರುಕು ಬಿಟ್ಟ ಹಿಟ್ಟನ್ನು ಕಂಡರೆ ನಮ್ಮ ಮನೆಗಳ ಹೆಂಗಸರ ಕೈ ತಾನಾಗಿ ನೀರಿಗೆ ಹೋಗುತ್ತದೆ. ನನ್ನ ತಾಯಿ ಸವರುತ್ತಿದ್ದಳು, ಹೆಂಡತಿ ಸವರುತ್ತಾಳೆ. ಉಸಿರಾಡಿದ್ದನ್ನು ಯಾರಾದರೂ ಬರೆದಿಡುತ್ತಾರೆಯೇ?

"ಹೋಗಲಿ ಬಿಡು," ಎಂದೆ. "ತಣ್ಣೀರು ಸವರಿದ್ರು, ತಣ್ಣಗಾಯ್ತು. ಲೆಕ್ಕ ಸರಿಹೋಯ್ತಲ್ಲ."

ಮಧುವನಹಳ್ಳಿ ಬಂತು, ಹೋಯಿತು. ನಾನು ಗಡಿಯಾರ ನೋಡಿಕೊಂಡೆ. ಆಮೇಲೆ ಅವಳು ನಿಧಾನವಾಗಿ, ಕಿಟಕಿಯ ಹೊರಗೆ ನೋಡುತ್ತಾ ಕೇಳಿದಳು:

"ಮೇಲೆ ಸವರಿದ್ದು ಒಳಗಡೆಗೆ ತಕ್ಷಣ ಹೋಗತ್ತೆ ಅಂದ್ರೆ, ಅಪ್ಪನ ಗಂಟಲು ಯಾಕೆ ಸುಡ್ತು? ಅವರ ಹಿಟ್ಟಿಗೂ ಅಜ್ಜಿ ಒದ್ದೆ ಕೈಲೇ ಸವರಿದ್ರಲ್ಲ."

ಅವಳೇ ಮುಂದುವರಿಸಿದಳು. "ಒಳಗಡೆ ತಣ್ಣಗಾಗಿಲ್ಲ ತಾತ. ಅಜ್ಜಿ ಕೈಯಾಡಿಸಿದಾಗ ಕಡ್ಡಿ ವಾಲಿದೆ. ತುದಿ ನಡುವಿಂದ ಅಂಚಿಗೆ ಬಂದಿದೆ. ಅದು ಅಂಚಿನ ಬಿಸಿ ತೋರಿಸ್ತು, ನೀನು ನಡುವಿಂದು ಅಂತ ಬರ್ಕೊಂಡೆ."

ಅಂದರೆ ಅಳತೆ ಹಾಳಾಗಿತ್ತು. ಹನೂರಿಗೆ ಮತ್ತೆ ಹೋಗಿ ಅಳೆದು ಬರಲು ವೇಳೆಯಿಲ್ಲ. ಇದ್ದದ್ದು ಈ ಒಂದು ಹಾಳೆ. ನಾನು ಒಂದು ದಾರಿ ಹೇಳಿದೆ: "ಕೊನೇ ಸಾಲುಗಳನ್ನ ಬಿಟ್ಬಿಡು. ಇಲ್ಲಾಂದ್ರೆ ಮೇಲಿಂದ ಕೆಳಕ್ಕೆ ಒಂದು ನಯವಾದ ಗೆರೆ ಎಳೆದುಬಿಡು. ಅವರಿಗೇನು ಗೊತ್ತಾಗುತ್ತೆ?"

"ನೀನು ಸ್ಟ್ಯಾಂಡಲ್ಲಿ ಹಂಗೆ ಮಾಡ್ತಿದ್ಯಾ?"

ಅವಳಿಗೆ ಸಿಟ್ಟು ಬಂದಿರಲಿಲ್ಲ. ಕೇಳಬೇಕೆಂದೇ ಕೇಳಿದಳು. ನಾನು ಕಂಬಿ ಬದಲಿಸಿ ಹಿಡಿದುಕೊಂಡು ಮುಂದಿನ ನಿಲ್ದಾಣದ ಕಡೆ ನೋಡಿದೆ.

ಕೊಳ್ಳೇಗಾಲದಲ್ಲಿ ಯಳಂದೂರಿನ ಬಸ್ಸಿಗೆ ಕಾದೆವು. ನಾನು ಅಷ್ಟು ವರ್ಷ ಕೂತಿದ್ದ ಕಿಟಕಿಯ ಮುಂದೆಯೇ ಕಾಯುವ ಸರದಿ. ಎರಡು ಸಲ ಹೋಗಿ ಬಸ್ಸು ಯಾವಾಗ ಎಂದು ಕೇಳಿದೆ. ಮೂರನೆಯ ಸಲ ಒಳಗಿದ್ದವನು, "ಬತ್ತದೆ ಸಾ, ಕೂತ್ಕಳಿ," ಎಂದ. ಐದಾಗುತ್ತಾ ಬಂದಿತ್ತು. ಮೊಮ್ಮಗಳು ಕಲ್ಲುಬೆಂಚಿನ ಮೇಲೆ ಕೂತು ಹಾಳೆಯ ಹಿಂಬದಿಯಲ್ಲಿ ಏನೋ ಬರೆಯುವುದು, ಹೊಡೆಯುವುದು ಮಾಡುತ್ತಿದ್ದಳು. ಅವಳ ಪಕ್ಕ ಕೂತು ಕಾಲು ಅಲ್ಲಾಡಿಸದೆ ಇರಲು ಪ್ರಯತ್ನಪಟ್ಟೆ.

"ತಾತ, ಬೆಟ್ಟದ ತಿರುವಲ್ಲಿ ಬಸ್ ಕೆಟ್ಟು ನಿಂತ್ರೆ ಇಲ್ಲಿಗೆ ಯಾವಾಗ ಗೊತ್ತಾಗ್ತಿತ್ತು, ಮೊಬೈಲ್ ಇಲ್ದಾಗ?"

"ಆ ದಾರಿಲಿ ಹಿಂದಿಂದ ಬಂದ ಇನ್ನೊಂದು ಬಸ್ಸು ಹನೂರಿಗೆ ಬಂದು ಹೇಳ್ಬೇಕು. ಅಲ್ಲಿಂದ ನಮಗೆ. ಅಲ್ಲೀತನಕ ಇಲ್ಲಿ ಜನ ಏನೂ ಆಗಿಲ್ಲ ಅಂತ ಕಡ್ಲೆಕಾಯಿ ತಿಂತಾ ನಿಂತಿರೋರು."

"ಹಿಟ್ಟಿನ ನಡುಭಾಗನೂ ಹಂಗೇ ಅಲ್ವಾ," ಎಂದಳು, ಅರ್ಧ ತನಗೇ ಹೇಳಿಕೊಂಡ ಹಾಗೆ. ಬಸ್ಸು ಬಂತು.

ಯಳಂದೂರಿನಲ್ಲಿ ಇಳಿದಾಗ ಆರಕ್ಕೆ ಸ್ವಲ್ಪವೇ ಉಳಿದಿತ್ತು. ಮೇಷ್ಟ್ರ ಮನೆಯ ತನಕ ನಾವಿಬ್ಬರೂ ಹೆಚ್ಚುಕಡಿಮೆ ಓಡಿದೆವು. ಅವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಪಕ್ಕದ ಸ್ಟೂಲಿನ ಮೇಲೆ ತೆರೆದ ಲ್ಯಾಪ್‌ಟಾಪ್. ನನಗೆ ಕುರ್ಚಿ ತರಿಸಿದರು. ಅವಳಿಗೆ ಕೂತುಕೊ ಎನ್ನಲಿಲ್ಲ.

"ಹೇಳಮ್ಮ. ಏನು ತಂದೆ?"

"ಸಾರ್, ರಾಗಿ ಮುದ್ದೆ."

ಅವರು ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಹಾಳೆ ಕೇಳಿ ಪಡೆದುಕೊಂಡು ಬಹಳ ಹೊತ್ತು ನೋಡಿದರು. ಬೆರಳು ಸರಿಯಾಗಿ ಆ ಜಾಗದ ಮೇಲೆಯೇ ನಿಂತಿತು. "ಇಲ್ಲಿ ಯಾಕೆ ಬಿತ್ತು?"

ಅವಳು ಹೇಳಿದಳು. ಅಜ್ಜಿ ಸವರಿದ್ದು, ಕಡ್ಡಿ ವಾಲಿದ್ದು, ಅಲ್ಲಿಂದ ಮುಂದಿನ ಅಂಕಿಗಳು ಯಾವುವೂ ನಡುವಿನವಲ್ಲ ಎನ್ನುವುದು, ಒಂದನ್ನೂ ಬಿಡದೆ ಹೇಳಿದಳು. ಬರೆದುಕೊಂಡವರು ಯಾರು ಎಂಬುದನ್ನು ಮಾತ್ರ ಹೇಳಲಿಲ್ಲ.

"ಹಾಗಾದ್ರೆ ಈ ಅಳತೆ ಕೆಟ್ಟಿದೆ."

"ಕೆಟ್ಟಿದೆ ಸಾರ್."

"ಕೆಟ್ಟ ಅಳತೆ ಇಟ್ಕೊಂಡು ನನ್ನ ಹತ್ರ ಯಾಕೆ ಬಂದೆ?"

ಲ್ಯಾಪ್‌ಟಾಪಿನ ಮೂಲೆಯ ಗಡಿಯಾರ ನನಗೆ ಕಾಣುತ್ತಿತ್ತು. ಆ ಹುಡುಗನ ಹೆಸರು ಆಗಲೇ ಅದರಲ್ಲಿ ತುಂಬಿ ಕೂತಿದೆಯೇನೋ, ಒಂದು ಗುಂಡಿ ಒತ್ತಿದರೆ ಮುಗಿಯಿತೇನೋ ಎಂದು ಅದರ ಕಡೆಗೇ ನೋಡುತ್ತಾ ಕೂತೆ.

"ಸಾರ್, ಮೇಲೆ ತಣ್ಣಗಾದ್ರೂ ನಡುಭಾಗದಲ್ಲಿ ತುಂಬ ಹೊತ್ತು ಬಿಸಿ ಇಳಿಯಲೇ ಇಲ್ಲ. ಅಷ್ಟು ಭಾಗ ಕೆಟ್ಟಿಲ್ಲ, ಅದು ಅಜ್ಜಿ ಮುಟ್ಟೋಕೆ ಮುಂಚಿಂದು. ಹೊರಗೆ ತಣ್ಣಗಾದ ಸುದ್ದಿ ನಡುವಿಗೆ ತಲುಪೋಕೆ ಎಷ್ಟು ಹೊತ್ತು ಬೇಕು ಅಂತ ನಂಗೆ ಗೊತ್ತಿಲ್ಲ. ಉಂಡೆ ಎರಡರಷ್ಟು ದಪ್ಪ ಆದ್ರೆ ಆ ಹೊತ್ತೂ ಎರಡರಷ್ಟೇ ಆಗತ್ತಾ, ಇನ್ನೂ ಜಾಸ್ತಿನಾ, ಅದೂ ಗೊತ್ತಿಲ್ಲ. ನನ್ನ ಪ್ರಶ್ನೆ ಅದೇ."

ಮೇಷ್ಟ್ರು ಹಾಳೆಯನ್ನು ಕೆಳಗಿಟ್ಟರು. "ಕಡ್ಡಿ ವಾಲದ ಹಾಗೆ ಏನು ಮಾಡ್ತೀಯ?"

"ಗೊತ್ತಿಲ್ಲ ಸಾರ್. ಹಲಗೆಗೆ ತೂತು ಕೊರೆದು ಅದರೊಳಗಿಂದ ಇಳಿಸಬಹುದೇನೋ."

"ಎಲ್ಲಾ ಮುದ್ದೆಲೂ ಒಂದೇ ಹದ ಇರುತ್ತೆ ಅಂತ ಏನು ಖಾತ್ರಿ?"

"ಹಿಟ್ಟು, ನೀರು ಎರಡೂ ತೂಗ್ತೀನಿ. ಕಟ್ಟೋ ಕೈ ಒಂದೇ ಇರತ್ತೆ."

"ಸವರಿದ್ರೆ?"

"ಸವರಿದ್ದನ್ನೂ ಬರೀತೀನಿ ಸಾರ್." ಹೇಳಿ ಅವಳು ನನ್ನ ಕಡೆ ನೋಡಲಿಲ್ಲ. ಅಷ್ಟು ದಾಕ್ಷಿಣ್ಯ ಅವಳಿಗಿತ್ತು.

ಅವರು ಸ್ಟೂಲನ್ನು ಅವಳ ಕಡೆ ತಿರುಗಿಸಿದರು. "ನೀನೇ ಬರಿ. ನಿನ್ನ ಮಾತಲ್ಲೇ. ಮುದ್ದೆ ಅನ್ನೋದನ್ನ ಗೋಳಾಕಾರದ ಧಾನ್ಯಪದಾರ್ಥ ಗೀರ್ಥ ಅಂತ ಬದಲಾಯಿಸಬೇಡ. ಕೂತ್ಕೋ ಮೊದಲು."

ಅವಳು ಕೂತಳು. ಎರಡು ಸಲ ಅಳಿಸಿ ಬರೆದಳು. ಕೊನೆಗೆ ಉಳಿದ ಸಾಲು ಇದು: ರಾಗಿ ಮುದ್ದೆಯ ಹೊರಮೈ ತಣಿದದ್ದು ಅದರ ನಡುವಿಗೆ ಎಷ್ಟು ಹೊತ್ತಿಗೆ ತಿಳಿಯುತ್ತದೆ? ಮೇಷ್ಟ್ರು ಓದಿ, ಒಂದು ಅಕ್ಷರವನ್ನೂ ತಿದ್ದದೆ, ಕೆಳಗೆ ಅವಳ ಹೆಸರು ಸೇರಿಸಿ ಕಳಿಸಿದರು. ಹೋಯಿತು ಎಂದು ಪರದೆಯ ಮೇಲೆ ಬಂದಾಗ ನಾನು ಅಷ್ಟು ಹೊತ್ತು ಹಿಡಿದುಕೊಂಡಿದ್ದ ಕುರ್ಚಿಯ ಕೈ ಬಿಟ್ಟೆ. ಅಂಗೈಯಲ್ಲಿ ಬೆತ್ತದ ಅಚ್ಚು ಮೂಡಿತ್ತು.

"ಆರಿಸ್ತಾರೋ ಇಲ್ವೋ ಹೇಳೋಕಾಗಲ್ಲ," ಎಂದರು ಅವರು, ನನ್ನನ್ನು ಬೀಳ್ಕೊಡುತ್ತಾ. "ಆದ್ರೆ ಈಗ ಅವಳ ಹತ್ರ ಮಾಡೋಕೆ ಕೆಲಸ ಇದೆ."

ಯಳಂದೂರು ನಿಲ್ದಾಣದಲ್ಲಿ ಮೊಮ್ಮಗಳು ಎರಡು ತಟ್ಟೆ ಇಡ್ಲಿ ತಿಂದಳು. ವಾರದ ಹಸಿವು. ಅವಳು ತಿನ್ನುತ್ತಿರುವಾಗ ನಾನು ಹನೂರಿಗೆ ಫೋನ್ ಮಾಡಿದೆ. ಬೀಗಿತಿಯೇ ಎತ್ತಿದರು.

"ಬೀಗಿತಿಯವರೇ, ನಾಳೆ ಭಾನುವಾರ ಮತ್ತೆ ಬರ್ತೀವಿ. ಬೇರೆ ಬೇರೆ ದಪ್ಪದ ಹಿಟ್ಟು ಕಟ್ಟಿಕೊಡಬೇಕು. ಆದ್ರೆ ಕಟ್ಟಾದ ಮೇಲೆ ನೀವು ಮುಟ್ಟೋ ಹಾಗಿಲ್ಲ."

"ಬಿರ್ಕು ಬುಟ್ರೆ?"

"ಬಿಡಲಿ."

"ಬಿರ್ಕು ಬುಟ್ಟಿದ್ ಇಟ್ಟ ಬೆಂಗ್ಳೂರಿನ್ ಮೇಷ್ಟ್ರುಗೋಳ್ಗೆ ತೋರ್ಸೀರಾ? ಯಾವ್ ಮನೆ ಎಂಗುಸ್ ಕಟ್ಟಿದ್ದು ಅಂತ ಕೇಳಲ್ವಾ ಅವ್ರು? ನನ್ ಮಾನ ಏನಾಗ್ಬೇಕು ಬೀಗ್ರೇ?"

"ನಿಮ್ಮ ಕೈನ ಕಟ್ಟಿ ಕೂರಿಸ್ತೀನಿ ನಾಳೆ."

"ಬನ್ನಿ, ಬನ್ನಿ. ಯಾರು ಯಾರ್ನ ಕಟ್ತಾರೆ ನೋಡವಾ," ಎಂದು ಫೋನ್ ಇಟ್ಟರು.

ಕೊಳ್ಳೇಗಾಲದ ಮನೆ ಮುಟ್ಟಿದಾಗ ಊಟದ ವೇಳೆ ಇನ್ನೂ ಮೀರಿರಲಿಲ್ಲ. ಹೆಂಡತಿ ಬಾಗಿಲಲ್ಲೇ ಮೊಮ್ಮಗಳ ಮುಖ ನೋಡಿ, ಏನೂ ಕೇಳದೆ ಒಳಗೆ ಹೋಗಿ ತಟ್ಟೆ ಹಾಕಿದಳು. ನಾನು ಬ್ಯಾಗಿನಿಂದ ಥರ್ಮಾಮೀಟರ್ ತೆಗೆದೆ. ಕಡ್ಡಿಯ ಮೇಲೆ ಮಧ್ಯಾಹ್ನದ ಹಿಟ್ಟು ಗಾರೆಯಂತೆ ಅಂಟಿಕೊಂಡು ಒಣಗಿತ್ತು. ಬಿಸಿನೀರಿನಲ್ಲಿ ನೆನೆಸಿ, ಉಗುರಿನಿಂದ ಕೆರೆದು, ಬಟ್ಟೆಯಲ್ಲಿ ಒರೆಸಿದೆ. ಅಂಕಿ ಬರುತ್ತದೆಯೇ ಎಂದು ಒಮ್ಮೆ ಒತ್ತಿ ನೋಡಿದೆ. ಬಂತು. ಕವಚಕ್ಕೆ ಹಾಕಿ, ಬೆಳಗ್ಗೆ ಮರೆಯದ ಹಾಗೆ ಅವಳ ಚಪ್ಪಲಿಯ ಪಕ್ಕದ ಗೂಡಿನಲ್ಲಿ ಇಟ್ಟು, ಕೈ ತೊಳೆದುಕೊಂಡು ಊಟಕ್ಕೆ ಕೂತೆ.